ಬಳ್ಳಾರಿಯಲ್ಲಿ ‘ಖಾಲಿ’ ಇರುವವರನ್ನು ಎಣಿಸುವುದು ಹೇಗೆ?

ನಿರುದ್ಯೋಗಿ ಅನ್ನುವ ಪದ ಬಳ್ಳಾರಿಯ ಓಣಿಗಳಲ್ಲಿ ಕಿವಿಗೆ ಬೀಳುವುದು ಕಡಿಮೆ. ಅದು ಅರ್ಜಿ ನಮೂನೆಯ ಪದ, ಚುನಾವಣೆ ಭಾಷಣದ ಪದ. ಕೌಲ್ ಬಜಾರಿನಲ್ಲೋ ಬ್ರೂಸ್‌ಪೇಟೆಯಲ್ಲೋ ಯಾರನ್ನಾದರೂ ‘ನಿಮ್ ತಮ್ಮ ಏನ್ ಮಾಡ್ತಾನ?’ ಅಂತ ಕೇಳಿ ನೋಡಿ. ‘ಸದ್ಯ ಖಾಲಿ ಅದಾನ್ರಿ’ ಅನ್ನುತ್ತಾರೆ. ಈ ‘ಸದ್ಯ’ಕ್ಕೆ ಅಳತೆಯಿಲ್ಲ. ನಿನ್ನೆಯಿಂದ ಮಷೀನು ನಿಂತಿರಬಹುದು, ಎರಡು ವರ್ಷದಿಂದ ಲಾರಿ ಹತ್ತದೇ ಇರಬಹುದು. ಹುಡುಗ ಡಿಗ್ರಿ ಮುಗಿಸಿದ್ದರೆ ಮಾತ್ರ ಉತ್ತರ ಬದಲಾಗುತ್ತದೆ: ‘ಎಗ್ಜಾಮಿಗೆ ಓದಾಕತ್ತಾನ್ರಿ.’ ಹೆಣ್ಣು ಕೇಳಲು ಹೋದ ಮನೆಯಲ್ಲಿ ಈ ಎರಡನೆಯ ಉತ್ತರಕ್ಕೆ ಸ್ವಲ್ಪ ಹೆಚ್ಚು ಮರ್ಯಾದೆ ಉಂಟು.

ಸರ್ಕಾರದ ನಿರುದ್ಯೋಗ ದರ ಹಿಡಿಯುವುದು ಹೆಚ್ಚಾಗಿ ಈ ಎರಡನೆಯ ಹುಡುಗನನ್ನು. ಮೊದಲನೆಯವನು ಅದರ ಕೈಗೆ ಸಿಗುವುದೇ ಇಲ್ಲ. ಬಳ್ಳಾರಿಯಂಥ ಊರಿನ ಉದ್ಯೋಗದ ಬಗ್ಗೆ ನಡೆಯುವ ಚರ್ಚೆಗಳೆಲ್ಲ ಎಡವುವುದು ಇಲ್ಲೇ ಎಂದು ನನಗನ್ನಿಸುತ್ತದೆ.

ದೇಶದಲ್ಲಿ ನಿರುದ್ಯೋಗ ಅಳೆಯುವ ಮುಖ್ಯ ಸಾಧನ ಆವರ್ತಕ ಕಾರ್ಮಿಕ ಬಲ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್. 2023–24ರ ವಾರ್ಷಿಕ ವರದಿಯ ಪ್ರಕಾರ 15 ವರ್ಷ ಮೇಲ್ಪಟ್ಟವರಲ್ಲಿ ನಿರುದ್ಯೋಗ ದರ ಶೇ 3.2. ಅದೇ ವರದಿಯಲ್ಲಿ 15ರಿಂದ 29 ವರ್ಷದವರ ದರ ಶೇ 10.2. ಓದು ಹೆಚ್ಚಿದಷ್ಟೂ ದರ ಏರುತ್ತದೆ, ಅಕ್ಷರವೇ ಬಾರದವರಲ್ಲಿ ನಿರುದ್ಯೋಗ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಇದನ್ನು ಓದಿ ಅನಕ್ಷರಸ್ಥರಿಗೆ ಕೆಲಸ ಸಮೃದ್ಧವಾಗಿದೆ ಎಂದುಕೊಂಡರೆ ನಗೆಪಾಟಲು. ಅವರಿಗೆ ಕೆಲಸವಿಲ್ಲದೆ ಕೂರುವ ಶಕ್ತಿಯಿಲ್ಲ, ಅಷ್ಟೇ. ಅಪ್ಪನ ಸಂಬಳವೋ ಹೊಲವೋ ಮನೆಬಾಡಿಗೆಯೋ ಇದ್ದವನು ಕಾಯಬಲ್ಲ. ಇಲ್ಲದವನು ಬೆಳಿಗ್ಗೆ ಎದ್ದು ಸಿಕ್ಕಿದ್ದನ್ನು ಮಾಡುತ್ತಾನೆ. ಸಿಕ್ಕಿದ್ದನ್ನು ಮಾಡಿದ ಕ್ಷಣವೇ ಅವನು ‘ಉದ್ಯೋಗಿ’.

ಎಷ್ಟು ಮಾಡಿದರೆ ಉದ್ಯೋಗಿ? ವಾರದ ಲೆಕ್ಕದಲ್ಲಿ, ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು. ವರ್ಷದ ಲೆಕ್ಕದಲ್ಲಿ, ವರ್ಷದ ಬಹುಪಾಲು ಕೆಲಸ ಮಾಡದಿದ್ದರೂ ಒಟ್ಟು 30 ದಿನ ಉಪಕಸುಬಿನಂತೆ ದುಡಿದಿದ್ದರೆ ಅದೂ ಉದ್ಯೋಗವೇ. ಮನೆಯವರ ಅಂಗಡಿಯಲ್ಲೋ ಹೊಲದಲ್ಲೋ ಸಂಬಳವಿಲ್ಲದೆ ಕೈ ಜೋಡಿಸಿದವರೂ ಉದ್ಯೋಗಿಗಳ ಪಟ್ಟಿಗೆ ಸೇರುತ್ತಾರೆ. ಇದು ಯಾರದೋ ಕುತಂತ್ರವಲ್ಲ, ಜಗತ್ತಿನ ಬೇರೆ ದೇಶಗಳೂ ಹೆಚ್ಚು ಕಡಿಮೆ ಇದೇ ‘ಒಂದು ಗಂಟೆ’ ಸೂತ್ರ ಬಳಸುತ್ತವೆ. ಆದರೆ ತಿಂಗಳ ಸಂಬಳದ ದೇಶಕ್ಕೆ ಹೊಂದುವ ಅಂಗಿ ದಿನಗೂಲಿಯ ಊರಿಗೆ ಹೊಂದುವುದಿಲ್ಲ.

ಒಂದು ಲೆಕ್ಕ ಹಾಕಿಕೊಳ್ಳಿ. ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಹತ್ತು ಜನ ಇದ್ದಾರೆ. ವಾರಕ್ಕೆ ಆರು ದಿನದಂತೆ 60 ಹಾಜರಿ. ಹಬ್ಬದ ಆರ್ಡರು ಮುಗಿಯಿತು, ಮಾಲೀಕ ಯಾರನ್ನೂ ಬಿಡಿಸಲಿಲ್ಲ, ಎಲ್ಲರಿಗೂ ವಾರಕ್ಕೆ ಎರಡೆರಡು ದಿನ ಹಂಚಿದ. ಅರವತ್ತು ಹಾಜರಿ ಇಪ್ಪತ್ತಕ್ಕೆ ಇಳಿಯಿತು. ಕೆಲಸದ ಮೂರರಲ್ಲಿ ಎರಡು ಪಾಲು ಮಾಯ. ಆ ಶೆಡ್ಡಿನ ನಿರುದ್ಯೋಗ ದರ? ಸೊನ್ನೆ.

ಇಂಥ ಏರಿಳಿತ ಹಿಡಿಯಲೆಂದೇ ಹಿಂದೆ ಐದು ವರ್ಷಕ್ಕೊಮ್ಮೆ ನಡೆಯುತ್ತಿದ್ದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ‘ದೈನಿಕ ಸ್ಥಿತಿ’ ಎಂಬ ಮೂರನೆಯ ಅಳತೆ ಇತ್ತು. ಅದು ತಲೆ ಎಣಿಸುತ್ತಿರಲಿಲ್ಲ, ದಿನ ಎಣಿಸುತ್ತಿತ್ತು. ಅರ್ಧ ದಿನದ ಕೆಲಸವನ್ನು ಅರ್ಧ ಎಂದೇ ಬರೆದುಕೊಳ್ಳುತ್ತಿತ್ತು. ಆ ಮಾದರಿಯ ಕೊನೆಯ ದೊಡ್ಡ ಸಮೀಕ್ಷೆ 2011–12ರದ್ದು. 2017ರಲ್ಲಿ ಪಿಎಲ್‌ಎಫ್‌ಎಸ್ ಬಂದ ಮೇಲೆ ಸುದ್ದಿಯಾಗುವುದು ವರ್ಷದ ದರ ಮತ್ತು ವಾರದ ದರ ಎರಡೇ. 2025ರ ಮೇ ತಿಂಗಳಿನಿಂದ ತಿಂಗಳ ಅಂಕಿಅಂಶವೂ ಹೊರಬರುತ್ತಿದೆ, ಮೊದಲ ಬಾರಿ ಪ್ರಕಟವಾದ ಏಪ್ರಿಲ್ ತಿಂಗಳ ದರ ಶೇ 5.1. ಪತ್ರಿಕೆಗಳಿಗೆ ತಿಂಗಳಿಗೊಂದು ಶೀರ್ಷಿಕೆ ಸಿಕ್ಕಿತು. ಬಳ್ಳಾರಿಗೆ ಸಿಕ್ಕಿದ್ದೇನೂ ಇಲ್ಲ, ಆ ತಿಂಗಳ ಅಂಕಿಯಲ್ಲಿ ಜಿಲ್ಲೆಗಳು ಕಾಣುವುದಿಲ್ಲ.

ಹಳೆಯ ಅಂಕಿಗಳನ್ನು ಹೊಸದರ ಪಕ್ಕ ಇಟ್ಟು ನೋಡುವವರಿಗೆ ಇನ್ನೊಂದು ತೊಡಕಿದೆ. 2011ರ ಜನಗಣತಿಯ ಬಳ್ಳಾರಿ ಜಿಲ್ಲೆಯಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷ ಜನ, ನಗರದಲ್ಲಿ ಸುಮಾರು 4.1 ಲಕ್ಷ. 2021ರಲ್ಲಿ ವಿಜಯನಗರ ಬೇರೆ ಜಿಲ್ಲೆಯಾಯಿತು. ಹೊಸಪೇಟೆ, ಕೂಡ್ಲಿಗಿ, ಹಡಗಲಿ ಕಡೆಯವೆಲ್ಲ ಅತ್ತ ಹೋಗಿ, ಬಳ್ಳಾರಿಗೆ ಉಳಿದದ್ದು ಬಳ್ಳಾರಿ, ಕುರುಗೋಡು, ಕಂಪ್ಲಿ, ಸಿರುಗುಪ್ಪ, ಸಂಡೂರು. ‘ಬಳ್ಳಾರಿಯಲ್ಲಿ ಹತ್ತು ವರ್ಷದಲ್ಲಿ ಇಷ್ಟಾಯಿತು’ ಎಂದು ಯಾರಾದರೂ ಗ್ರಾಫು ತೋರಿಸಿದರೆ, ಯಾವ ಬಳ್ಳಾರಿ ಅಂತ ಮೊದಲು ಕೇಳಬೇಕು.

ಅದಿರು ವಾಪಸ್ ಬಂತು, ಲಾರಿ ಬರಲಿಲ್ಲ

2008ರ ಬೀಜಿಂಗ್ ಒಲಿಂಪಿಕ್ಸಿಗೆ ಮುಂಚಿನ ವರ್ಷಗಳಲ್ಲಿ ಚೀನಾ ಎಷ್ಟು ಕೊಟ್ಟರೂ ಅದಿರು ಕೊಳ್ಳುತ್ತಿತ್ತು. ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಹಗಲು ರಾತ್ರಿ ಕೆಂಪು ದೂಳು. ಹೊಲ ಮಾರಿ ಅಥವಾ ಫೈನಾನ್ಸಿನಲ್ಲಿ ಸಾಲ ಎತ್ತಿ ಟಿಪ್ಪರ್ ತಂದವರು ಎಷ್ಟೋ ಜನ. ಒಂದು ಲಾರಿ ಅಂದರೆ ಡ್ರೈವರ್, ಕ್ಲೀನರ್, ಪಂಕ್ಚರ್ ಅಂಗಡಿ, ಗ್ಯಾರೇಜು, ಡಾಬಾ, ರಸ್ತೆ ಬದಿಯ ಚಹಾ ಬಂಡಿ. ಇವ್ಯಾವುವೂ ‘ಗಣಿ ಉದ್ಯೋಗ’ ಎಂದು ಎಲ್ಲೂ ದಾಖಲಾಗಲಿಲ್ಲ. ನಮ್ಮ ಓಣಿಯಲ್ಲೇ ಒಬ್ಬ ಅಣ್ಣ ಎರಡು ಲಾರಿ ಮಾಡಿದ್ದ. ಕಾರು ಕೊಂಡಾಗ ಪೆಂಡಾಲು ಹಾಕಿ ಊಟ ಹಾಕಿಸಿದ್ದ.

2011ರ ಜುಲೈ 27ಕ್ಕೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅಕ್ರಮ ಗಣಿಗಾರಿಕೆ ಕುರಿತ ವರದಿ ಕೊಟ್ಟರು. ಎರಡೇ ದಿನಕ್ಕೆ, ಜುಲೈ 29ಕ್ಕೆ, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಆಗಸ್ಟಿನಲ್ಲಿ ಚಿತ್ರದುರ್ಗ, ತುಮಕೂರಿಗೂ ಅದೇ ಆದೇಶ. ಗುಡ್ಡಗಳನ್ನು ಕೊಳ್ಳೆ ಹೊಡೆದ ರೀತಿಗೆ ಆ ಆದೇಶ ಬರಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಕೊಳ್ಳೆ ಹೊಡೆದವರು ಕೋರ್ಟು ಕಚೇರಿ ಅಲೆದಾಗ ಅವರ ಹಿಂದೆ ವಕೀಲರಿದ್ದರು. ಟಿಪ್ಪರಿನ ಕಂತು ಕಟ್ಟಬೇಕಾದವನ ಹಿಂದೆ ಫೈನಾನ್ಸಿನವರು ಮಾತ್ರ ಇದ್ದರು. ಅಣ್ಣನ ಲಾರಿಗಳನ್ನು ಒಂದಾದ ಮೇಲೊಂದು ಎಳೆದುಕೊಂಡು ಹೋದರು.

ಮುಂದೆ 2013ರ ಏಪ್ರಿಲ್ 18ರ ತೀರ್ಪು ಗಣಿಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆಯಾಗಿ ವಿಂಗಡಿಸಿದ್ದನ್ನು ಒಪ್ಪಿತು. ತಪ್ಪು ಕಡಿಮೆಯಿದ್ದ ಎ ಮತ್ತು ಬಿ ಗಣಿಗಳಿಗೆ ಷರತ್ತಿನ ಮೇಲೆ ಅವಕಾಶ, ಸಿ ದರ್ಜೆಯ ಗುತ್ತಿಗೆಗಳು ರದ್ದು. ಬಳ್ಳಾರಿಗೆ ವರ್ಷಕ್ಕೆ 25 ದಶಲಕ್ಷ ಟನ್ ಮಿತಿ. ಆ ಮಿತಿ 2017ರಲ್ಲಿ 28ಕ್ಕೆ, 2022ರಲ್ಲಿ 35ಕ್ಕೆ ಏರಿತು. ಅದೇ 2022ರಲ್ಲಿ ಇ–ಹರಾಜಿನ ಕಟ್ಟುಪಾಡು ಸಡಿಲಾಗಿ ರಫ್ತಿಗೂ ಬಾಗಿಲು ತೆರೆಯಿತು. ಕಾಗದದಲ್ಲಿ ನೋಡಿದರೆ ಗಣಿ ಉದ್ಯಮ ಚೇತರಿಸಿಕೊಂಡಿದೆ.

ಕೆಲಸ ಮಾತ್ರ ಅದೇ ಅಳತೆಯಲ್ಲಿ ಮರಳಲಿಲ್ಲ. ಹಾಳಾದ ಗಣಿ ಪ್ರದೇಶದ ಪುನರ್ವಸತಿ ಯೋಜನೆಯ ಷರತ್ತುಗಳು, ದೂಳಿನ ವಿರುದ್ಧ ಜನರ ದೂರು, ಕಂಪನಿಗಳ ಖರ್ಚಿನ ಲೆಕ್ಕ ಎಲ್ಲ ಸೇರಿ ಅದಿರು ಸಾಗಣೆಯನ್ನು ರಸ್ತೆಯಿಂದ ರೈಲಿಗೆ, ಕನ್ವೇಯರಿಗೆ ದೂಡುತ್ತಿವೆ. ಸಂಡೂರಿನ ಗಣಿ ಕಡೆಯಿಂದ ತೋರಣಗಲ್ಲಿನ ತನ್ನ ಉಕ್ಕಿನ ಕಾರ್ಖಾನೆಗೆ ಜೆಎಸ್‌ಡಬ್ಲ್ಯೂ ಕಂಪನಿ ಇಪ್ಪತ್ತಕ್ಕೂ ಹೆಚ್ಚು ಕಿಲೊಮೀಟರ್ ಉದ್ದದ ಪೈಪ್ ಕನ್ವೇಯರ್ ಹಾಕಿದೆ. ರಸ್ತೆಗೆ ಒಳ್ಳೆಯದು, ಶ್ವಾಸಕೋಶಕ್ಕೆ ಇನ್ನೂ ಒಳ್ಳೆಯದು. ಆದರೆ ಬೆಲ್ಟಿನ ಮೇಲೆ ಹೋಗುವ ಅದಿರಿಗೆ ಕ್ಲೀನರ್ ಬೇಡ, ಡಾಬಾ ಬೇಡ. ಹಾಗಾಗಿ ‘ಗಣಿ ಶುರುವಾದರೆ ಎಲ್ಲ ಸರಿಹೋಗುತ್ತೆ’ ಅನ್ನುವ ನಂಬಿಕೆ ಇನ್ನೂ ಯಾರಿಗಾದರೂ ಉಳಿದಿದ್ದರೆ, ಅದು 2006ರ ನೆನಪೇ ಹೊರತು 2026ರ ಲೆಕ್ಕವಲ್ಲ.

ನೀತಿಯ ಕಾಗದದ ಮೇಲಿನ ಒಂದು ಜಗಳಕ್ಕೂ ಇಲ್ಲಿ ಕೆಲಸ ನಿಲ್ಲುತ್ತದೆ. ಗುತ್ತಿಗೆ ನವೀಕರಣಕ್ಕೆ ರಾಜ್ಯಕ್ಕೆ ಪ್ರೀಮಿಯಂ ಎಷ್ಟು ಕಟ್ಟಬೇಕೆಂಬ ತಕರಾರಿನಲ್ಲಿ ಕೇಂದ್ರ ಸರ್ಕಾರದ್ದೇ ಆದ ಗಣಿ ಕಂಪನಿ ಎನ್‌ಎಂಡಿಸಿಯ ದೋಣಿಮಲೆ ಗಣಿ 2018ರ ನವೆಂಬರಿನಿಂದ 2021ರ ಆರಂಭದವರೆಗೆ ನಿಂತೇ ಇತ್ತು. ಕಾಯಂ ನೌಕರರಿಗೆ ಸಂಬಳ ಬರುತ್ತದೆ. ಗಣಿಯನ್ನು ನೆಚ್ಚಿ ಹೊರಗೆ ಬದುಕುವವರಿಗೆ ಬರುವುದಿಲ್ಲ.

ಜೀನ್ಸ್: ಮನೆಯೇ ಕಾರ್ಖಾನೆ

ಬಳ್ಳಾರಿ ನಗರದೊಳಗಿನ ಅಸಲಿ ಉದ್ಯೋಗದಾತ ಗಣಿಯಲ್ಲ, ಪ್ಯಾಂಟು. ಬಟ್ಟೆ ಹೊರಗಿನಿಂದ ಬರುತ್ತದೆ. ಕಟಿಂಗ್ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ, ಕಾಜಾ–ಬಟನ್ ಮತ್ತೊಂದು ಕಡೆ. ಆಮೇಲೆ ವಾಷಿಂಗ್, ಇಸ್ತ್ರಿ, ಪ್ಯಾಕಿಂಗ್. ಒಂದೇ ಚಾವಣಿಯ ಕೆಳಗೆ ಎಲ್ಲ ನಡೆಯುವ ಘಟಕಗಳು ಕಡಿಮೆ. ಒಂದೇ ಪ್ಯಾಂಟು ಹಲವು ಮನೆ ಸುತ್ತಿ ಅಂಗಡಿ ಸೇರುತ್ತದೆ. ಹೊಲಿಗೆ ಮುಗಿದ ಮೇಲೆ ನೇತಾಡುವ ದಾರ ಕತ್ತರಿಸುವ ಕೆಲಸ ಹೆಂಗಸರದ್ದು. ಗಂಟು ಕಟ್ಟಿ ಮನೆಗೆ ತಂದು, ಅಡುಗೆ ಮುಗಿಸಿ, ಟಿವಿ ಮುಂದೆ ಕೂತು ಕತ್ತರಿಸುತ್ತಾರೆ. ಲೆಕ್ಕ ಪೀಸಿಗಿಷ್ಟು. ಮಕ್ಕಳೂ ಪಕ್ಕದಲ್ಲಿ ಕೂತು ಕತ್ತರಿ ಆಡಿಸುತ್ತಾರೆ, ಅದನ್ನು ಯಾರೂ ಕೆಲಸ ಅನ್ನುವುದಿಲ್ಲ.

ಇಲ್ಲಿ ನಿರುದ್ಯೋಗ ಬರುವ ರೀತಿ ವಿಚಿತ್ರ. ಬಾಗಿಲಿಗೆ ಬೀಗ ಬೀಳುವುದಿಲ್ಲ, ಕೈಗೆ ನೋಟಿಸು ಬರುವುದಿಲ್ಲ. ಗಂಟು ತರುವ ಹುಡುಗ ಈ ವಾರ ಬರಲಿಲ್ಲ, ಅಷ್ಟೇ. ಮುಂದಿನ ವಾರ ಬಂದ, ಆದರೆ ಅರ್ಧ ಗಂಟು ತಂದ.

ಏಕೆ ಅರ್ಧ? ವಾಷಿಂಗ್ ನಿಂತರೆ ಅದರ ಹಿಂದಿನ ಎಲ್ಲ ಹಂತವೂ ನಿಲ್ಲುತ್ತದೆ. ಜೀನ್ಸಿನ ಬಣ್ಣ ಇಳಿಸಲು ನೀರು ವಿಪರೀತ ಬೇಕು, ಬಳಸಿದ ನೀರು ನೀಲಿಯಾಗಿ, ರಾಸಾಯನಿಕ ಬೆರೆತು ಹೊರಬರುತ್ತದೆ. ಅದನ್ನು ಶುದ್ಧೀಕರಿಸುವ ವ್ಯವಸ್ಥೆ ಸರಿಯಿಲ್ಲದ್ದಕ್ಕೆ ವಾಷಿಂಗ್ ಘಟಕಗಳ ಮೇಲೆ ಮಾಲಿನ್ಯ ನಿಯಂತ್ರಣ ಮಂಡಳಿಯ ಕತ್ತಿ ಸದಾ ತೂಗುತ್ತಿರುತ್ತದೆ. ಮಂಡಳಿಯ ಆಕ್ಷೇಪ ನ್ಯಾಯವಾದದ್ದೇ. ಆದರೆ ಒಬ್ಬೊಬ್ಬ ಸಣ್ಣ ಘಟಕದವನೂ ತನ್ನದೇ ಶುದ್ಧೀಕರಣ ಘಟಕ ಕಟ್ಟಿಕೊಳ್ಳಲಿ ಅಂದರೆ ಅವನು ಮಷೀನು ಮಾರಿ ಹೋಗುತ್ತಾನೆ. ಎಲ್ಲರಿಗೂ ಸೇರಿ ಒಂದು ಸಾಮೂಹಿಕ ಶುದ್ಧೀಕರಣ ಘಟಕ ಇದ್ದರೆ ದಾರ ಕತ್ತರಿಸುವ ಹೆಂಗಸಿಗೆ ವರ್ಷದಲ್ಲಿ ಎಷ್ಟು ದಿನ ಹೆಚ್ಚು ಕೆಲಸ ಸಿಗುತ್ತದೆ ಎಂಬುದೇ ಬಳ್ಳಾರಿಯ ಉದ್ಯೋಗ ನೀತಿಯ ಮೊದಲ ಪ್ರಶ್ನೆಯಾಗಬೇಕಿತ್ತು. ಅದು ಕೇವಲ ಪರಿಸರ ಇಲಾಖೆಯ ಕಡತವಾಗಿ ಉಳಿದಿದೆ.

2022ರ ಅಕ್ಟೋಬರಿನಲ್ಲಿ ಭಾರತ್ ಜೋಡೊ ಯಾತ್ರೆ ಬಳ್ಳಾರಿಗೆ ಬಂದಾಗ ಈ ಕಸುಬಿನವರ ಕಷ್ಟ ರಾಹುಲ್ ಗಾಂಧಿಯ ಕಿವಿಗೆ ಬಿತ್ತು. 2023ರ ಚುನಾವಣೆ ಪ್ರಚಾರದಲ್ಲಿ 5,000 ಕೋಟಿ ರೂಪಾಯಿಯ ಜೀನ್ಸ್ ಪಾರ್ಕಿನ ಭರವಸೆ ಬಂತು. ಪಾರ್ಕು ಬೇಕು, ಬೇಡ ಅನ್ನುವುದಿಲ್ಲ. ನನ್ನ ಅನುಮಾನ ಬೇರೆ. ದೊಡ್ಡ ಶೆಡ್ಡು, ದೊಡ್ಡ ಕಂಪನಿ ಬಂದಾಗ ಹೊಲಿಗೆಯವನಿಗೆ ಹಾಜರಿ ಪುಸ್ತಕ, ಪಿಎಫ್, ಇಎಸ್‌ಐ ಸಿಗಬಹುದು. ಮನೆಯಲ್ಲಿ ಕೂತು ದಾರ ಕತ್ತರಿಸುವವಳು, ಮಗುವನ್ನು ಬಿಟ್ಟು ಊರ ಹೊರಗಿನ ಪಾರ್ಕಿಗೆ ಬಸ್ಸು ಹತ್ತಿ ಹೋಗಲಾರದವಳು, ಆ ಲೆಕ್ಕದಿಂದ ಜಾರಿಬಿಡುತ್ತಾಳೆ. ಶಕ್ತಿ ಯೋಜನೆಯಲ್ಲಿ ಹೆಂಗಸರು ಟಿಕೆಟ್ಟಿಗೆ ದುಡ್ಡು ಕೊಡಬೇಕಿಲ್ಲ ನಿಜ, ಆ ಹೊತ್ತಿಗೆ ಬಸ್ಸಿರಬೇಕಲ್ಲ. 2025ರ ಸೆಪ್ಟೆಂಬರಿನಿಂದ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ ಶೇ 5ಕ್ಕೆ ಇಳಿದದ್ದು ಇಲ್ಲಿನ ಪ್ಯಾಂಟಿಗೆ ಅನುಕೂಲವೇ. ಹಿಂದೆ ಸಾವಿರ ದಾಟಿದರೆ ಶೇ 12 ಇತ್ತು.

ಜಿಂದಾಲ್ ಗೇಟಿನ ಹೊರಗೆ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ದೇಶದಲ್ಲೇ ಅತಿ ದೊಡ್ಡದರ ಸಾಲಿನಲ್ಲಿದೆ. ಊರವರ ಬಾಯಲ್ಲಿ ಅದು ಇವತ್ತಿಗೂ ‘ಜಿಂದಾಲ್’. ‘ಜಿಂದಾಲ್‌ನ್ಯಾಗ ಅದಾನ’ ಅಂದರೆ ಸಾಲದು, ‘ಕಂಪನಿ ರೋಲೋ, ಕಾಂಟ್ರಾಕ್ಟೋ?’ ಎಂಬ ಎರಡನೆಯ ಪ್ರಶ್ನೆ ತಪ್ಪದೆ ಬರುತ್ತದೆ. ರೋಲ್ ಅಂದರೆ ಮನೆಸಾಲ ಸಿಗುತ್ತದೆ, ಮದುವೆ ಆಗುತ್ತದೆ. ಕಾಂಟ್ರಾಕ್ಟ್ ಅಂದರೆ ಮೇಸ್ತ್ರಿ ಬದಲಾದಾಗ, ಟೆಂಡರ್ ಮುಗಿದಾಗ, ಮತ್ತೆ ‘ಸದ್ಯ ಖಾಲಿ’.

ರಾಜ್ಯದ 2020–25ರ ಕೈಗಾರಿಕಾ ನೀತಿ ರಿಯಾಯಿತಿ ಪಡೆಯುವ ಉದ್ದಿಮೆಗಳು ಒಟ್ಟಾರೆ ಶೇ 70ರಷ್ಟು, ಡಿ ದರ್ಜೆಯಲ್ಲಿ ನೂರಕ್ಕೆ ನೂರು ಕನ್ನಡಿಗರಿಗೆ ಕೊಡಬೇಕು ಎಂದಿತು. 2024ರ ಜುಲೈನಲ್ಲಿ ಸ್ಥಳೀಯರ ಮೀಸಲಾತಿ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು, ಎರಡೇ ದಿನಕ್ಕೆ ಬೆಂಗಳೂರಿನ ಗದ್ದಲಕ್ಕೆ ಅಂಜಿ ತಡೆಹಿಡಿಯಿತು. ಬಳ್ಳಾರಿಯಿಂದ ನೋಡಿದರೆ ಆ ಗದ್ದಲವೇ ಬೇರೆ ಲೋಕದ್ದು. ಇಲ್ಲಿ ‘ಸ್ಥಳೀಯ’ ಅಂದರೆ ಕನ್ನಡ ಬಲ್ಲವನು ಎಂದಷ್ಟೇ ಅರ್ಥವಲ್ಲ. ಹೊಲ ಕೊಟ್ಟವನು ಎಂದೂ ಅರ್ಥ.

ಕುಡುತಿನಿ, ಹರಗಿನಡೋಣಿ, ವೇಣಿವೀರಾಪುರ ಸುತ್ತಿನ ರೈತರಿಂದ 2010ರ ಹೊತ್ತಿಗೆ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಮೂಲಕ ಹನ್ನೆರಡು ಸಾವಿರ ಎಕರೆಗೂ ಹೆಚ್ಚು ಭೂಮಿ ಹೋಯಿತು. ಆರ್ಸೆಲರ್ ಮಿತ್ತಲ್, ಉತ್ತಮ್ ಗಾಲ್ವಾ, ಎನ್‌ಎಂಡಿಸಿ ಉಕ್ಕಿನ ಕಾರ್ಖಾನೆ ಕಟ್ಟುತ್ತವೆ, ಮನೆಗೊಂದು ಕೆಲಸ ಬರುತ್ತದೆ ಎಂಬ ಮಾತಿತ್ತು. ಕಾರ್ಖಾನೆ ಬರಲಿಲ್ಲ. ಪರಿಹಾರ ಸರಿಯಾಗಿ ಕೊಡಿ, ಇಲ್ಲವೇ ಕಾರ್ಖಾನೆ ಕಟ್ಟಿ ಕೆಲಸ ಕೊಡಿ, ಇಲ್ಲವೇ ಭೂಮಿ ವಾಪಸ್ ಮಾಡಿ ಎಂದು 2022ರ ಡಿಸೆಂಬರಿನಲ್ಲಿ ಕುಡುತಿನಿಯಲ್ಲಿ ಅನಿರ್ದಿಷ್ಟಾವಧಿ ಧರಣಿ ಕೂತರು. ಹೂಡಿಕೆದಾರರ ಸಮಾವೇಶಗಳಲ್ಲಿ ‘ಇಷ್ಟು ಸಾವಿರ ಉದ್ಯೋಗ ಸೃಷ್ಟಿ’ ಎಂದು ಘೋಷಣೆಯಾದ ಸಂಖ್ಯೆಗಳನ್ನು ಯಾರೂ ಆಮೇಲೆ ಕಳೆಯುವುದಿಲ್ಲ. ಆದರೆ ಆ ಹೊಲಗಳಲ್ಲಿ ಹಿಂದೆ ನಡೆಯುತ್ತಿದ್ದ ಕಳೆ ತೆಗೆಯುವ, ಹತ್ತಿ ಬಿಡಿಸುವ ಕೂಲಿ ನಿಜವಾಗಿ ಕಳೆದುಹೋಗಿದೆ. ಬಾರದ ಕೆಲಸ ಲೆಕ್ಕದಲ್ಲಿದೆ, ಹೋದ ಕೆಲಸ ಲೆಕ್ಕದಲ್ಲಿಲ್ಲ.

ಪಕ್ಕದ ಕೊಪ್ಪಳದಲ್ಲಿ ಪ್ರಶ್ನೆ ತಿರುವುಮುರುವಾಯಿತು. ಊರಿಗೆ ಅಂಟಿಕೊಂಡಂತೆ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡವೆಂದು 2025ರ ಫೆಬ್ರುವರಿ 24ಕ್ಕೆ ಕೊಪ್ಪಳ ಬಂದ್ ಆಯಿತು, ಗವಿಮಠದ ಸ್ವಾಮೀಜಿಯೇ ಬೀದಿಗೆ ಬಂದರು. ಕೆಲಸ ಬೇಡವೇ ಇವರಿಗೆ ಎಂದು ಬೆಂಗಳೂರಿನಲ್ಲಿ ಕೇಳಿದವರುಂಟು. ಗಿಣಿಗೇರಾ ಕಡೆಯ ಕಾರ್ಖಾನೆಗಳ ಕಪ್ಪು ದೂಳು ಬಟ್ಟೆ ಒಣಹಾಕುವ ತಂತಿಯ ಮೇಲೆ ಕೂರುವುದನ್ನು ಕಂಡವರು ಹಾಗೆ ಕೇಳುವುದಿಲ್ಲ.

ನೀರು ಬಂದರೆ ಕೂಲಿ

ನಗರದ ಕೂಲಿಗೂ ಕಾಲುವೆಗೂ ಸಂಬಂಧವಿದೆ. ಬೆಳಗಿನ ಜಾವ ಬಳ್ಳಾರಿಯ ಕೊಳೆಗೇರಿಗಳಿಂದ ಟಂಟಂ ಗಾಡಿಗಳಲ್ಲಿ ಹೆಂಗಸರು ತುಂಬಿಕೊಂಡು ಹಳ್ಳಿಗಳ ಕಡೆ ಹೋಗುತ್ತಾರೆ: ನಾಟಿಗೆ, ಕಳೆಗೆ, ಮೆಣಸಿನಕಾಯಿ ಬಿಡಿಸುವುದಕ್ಕೆ. ಹಳ್ಳಿಯವರು ಪಟ್ಟಣಕ್ಕೆ ದುಡಿಯಲು ಬರುತ್ತಾರೆ ಎಂಬ ಪಾಠಪುಸ್ತಕದ ಚಿತ್ರ ಇಲ್ಲಿ ತಲೆಕೆಳಗು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋಯಿತು. ಗೇಟುಗಳನ್ನೆಲ್ಲ ಬದಲಿಸುವ ಕೆಲಸಕ್ಕಾಗಿ 2025ರ ಕೊನೆಗೆ ಎರಡನೆಯ ಬೆಳೆಗೆ ನೀರಿಲ್ಲವೆಂಬ ತೀರ್ಮಾನ ಬಂತು. ರೈತನ ನಷ್ಟದ ಬಗ್ಗೆ, ಪರಿಹಾರದ ಬಗ್ಗೆ ಮಾತು ನಡೆಯಿತು. ಎರಡನೆಯ ಬೆಳೆಯ ನಾಟಿ ಇಲ್ಲವೆಂದರೆ ಟಂಟಂ ಹತ್ತುವವರ ದಿನಗಳೂ ಇಲ್ಲ, ಸಿರುಗುಪ್ಪ, ಗಂಗಾವತಿ, ಕಾರಟಗಿಯ ಅಕ್ಕಿ ಗಿರಣಿಗಳ ಹಮಾಲರ ಮೂಟೆಗಳೂ ಇಲ್ಲ. ಇವರಿಗೆ ಪರಿಹಾರದ ಪಹಣಿ ಯಾವುದು?

ಹಳ್ಳಿಯಲ್ಲಿದ್ದರೆ ಕಡೇಪಕ್ಷ ಉದ್ಯೋಗ ಖಾತರಿ ಕಾರ್ಡು ಇರುತ್ತದೆ. 2025–26ರಲ್ಲಿ ರಾಜ್ಯಕ್ಕೆ ನಿಗದಿಯಾದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆಯಲ್ಲಿ ಖಾತರಿ 100 ದಿನದಿಂದ 125 ದಿನಕ್ಕೆ ಏರಿದೆ, ಖರ್ಚಿನಲ್ಲಿ ಮೊದಲಿಗಿಂತ ಹೆಚ್ಚು ಪಾಲು ರಾಜ್ಯದ ತಲೆಗೆ ಬಂದಿದೆ. ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದ್ದವರಿಗೆ ಇದ್ಯಾವುದೂ ಇಲ್ಲ. ಮನೆ ಪಾಲಿಕೆಯ ಗೆರೆಯೊಳಗೆ ಬಿತ್ತು ಎಂದಾಕ್ಷಣ ಖಾತರಿ ಹೋಯಿತು. ಇನ್ನುಳಿದದ್ದು ಗುಳೆ. ಬೆಂಗಳೂರು, ಹೈದರಾಬಾದು, ಗೋವಾ, ಮುಂಬೈ. ಬೆಂಗಳೂರಿನ ಕಟ್ಟಡದ ಕೆಳಗೆ ತಗಡಿನ ಶೆಡ್ಡಿನಲ್ಲಿ ಇರುವ ಗಂಡ ಹೆಂಡತಿ ಅಲ್ಲಿನ ಲೆಕ್ಕಕ್ಕೆ ಉದ್ಯೋಗಿಗಳು. ಅವರು ಹೊರಟುಹೋದದ್ದರಿಂದ ಇಲ್ಲಿನ ದರವೂ ತಗ್ಗುತ್ತದೆ.

ಕಾಯುವವರು

ಇನ್ನು ‘ಎಗ್ಜಾಮಿಗೆ ಓದುವ’ ಹುಡುಗರು. 371 (ಜೆ) ಬಂದಾಗ ನಮ್ಮ ಕಡೆ ಪಟಾಕಿ ಹೊಡೆದಿದ್ದೆವು. ಸಂವಿಧಾನದ 98ನೇ ತಿದ್ದುಪಡಿಯಿಂದ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಗುಂಪಿನಲ್ಲಿ 80, ಡಿ ಗುಂಪಿನಲ್ಲಿ 85 ಇಲ್ಲಿಯವರಿಗೇ. ಮೀಸಲು ಪಾಲು ದೊಡ್ಡದೇ, ಆದರೆ ಪಾಲು ಹಂಚಲು ತಟ್ಟೆಯಲ್ಲಿ ಏನಾದರೂ ಇರಬೇಕು. ರಾಜ್ಯದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಹುದ್ದೆ ಖಾಲಿ ಬಿದ್ದಿವೆ. 2024ರ ಅಕ್ಟೋಬರಿನಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವ ತನಕ ಹೊಸ ನೇಮಕಾತಿ ಅಧಿಸೂಚನೆ ಬೇಡ ಎಂದು ಸರ್ಕಾರ ಹೇಳಿತು. ತೀರ್ಮಾನ ಬಂದದ್ದು 2025ರ ಆಗಸ್ಟಿನಲ್ಲಿ. ಒಳಮೀಸಲಾತಿ ಆಗಬೇಕಿದ್ದದ್ದೇ, ದಶಕಗಳ ನ್ಯಾಯದ ಬೇಡಿಕೆ. ಆದರೆ ಆ ಹತ್ತು ತಿಂಗಳಲ್ಲಿ ವಯೋಮಿತಿಯ ಗಡಿಯಾರ ನಿಂತಿರಲಿಲ್ಲ. ಧಾರವಾಡದ ಕೋಚಿಂಗ್ ಓಣಿಗಳಿಂದ ಹುಡುಗರು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಆ ಓಣಿಗಳ ಪಿಜಿಗಳಲ್ಲಿ ನಮ್ಮ ಕಡೆಯವರೂ ಇದ್ದಾರೆ.

ಯುವನಿಧಿ ಇವರಿಗಾಗಿಯೇ ಬಂತು. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಎರಡು ವರ್ಷದವರೆಗೆ. ಪದವಿ ಮುಗಿದು 180 ದಿನ ಕೆಲಸ ಸಿಕ್ಕಿರಬಾರದು, ನಿರುದ್ಯೋಗಿ ಎಂದು ಘೋಷಿಸಿಕೊಳ್ಳುತ್ತಲೂ ಇರಬೇಕು. ಬಳ್ಳಾರಿಯಲ್ಲಿ ಯಾರಾದರೂ ‘ನಾನು ನಿರುದ್ಯೋಗಿ’ ಎಂದು ಸ್ವಂತ ಬಾಯಿಂದ ಹೇಳುವುದು ಈ ಒಂದು ಜಾಗದಲ್ಲಿ ಮಾತ್ರ ಇರಬೇಕು. ಹತ್ತನೇ ತರಗತಿಗೆ ಬಿಟ್ಟು ಲಾರಿ ಹತ್ತಿದವನಿಗೆ ಅಲ್ಲಿ ಹೇಳಿಕೊಳ್ಳಲೂ ಅವಕಾಶವಿಲ್ಲ.

ಹಾಗಾದರೆ ದಿನ ಎಣಿಸುವುದು ಹೇಗೆ? ದೆಹಲಿಯ ಸಮೀಕ್ಷೆಗೇ ಕಾಯಬೇಕಿಲ್ಲ. ಅದಿರಿನ ಪ್ರತಿ ಸಾಗಣೆಗೂ ಗಣಿ ಇಲಾಖೆಯ ಪರವಾನಗಿ ಬೇಕು. ಯಾವ ತಿಂಗಳು ರಸ್ತೆಯಲ್ಲಿ ಎಷ್ಟು ಟ್ರಿಪ್ಪು ಹೋಯಿತು, ರೈಲಿನಲ್ಲಿ ಎಷ್ಟು ಎಂಬ ಲೆಕ್ಕ ಅಲ್ಲಿಂದಲೇ ತೆಗೆಯಬಹುದು. ಗುತ್ತಿಗೆ ಕಾರ್ಮಿಕರಿಗೆ ಕಟ್ಟುವ ಪಿಎಫ್ ಚಲನ್ನಿನಲ್ಲಿ ತಿಂಗಳ ತಲೆಗಳಿವೆ, ಕೆಲವದರಲ್ಲಿ ದಿನಗಳೂ. ಕಾಲುವೆಗೆ ನೀರು ಬಿಟ್ಟ ದಿನಾಂಕ, ನಿಲ್ಲಿಸಿದ ದಿನಾಂಕ ನೀರಾವರಿ ಕಚೇರಿಯ ಗೋಡೆಯ ಮೇಲೇ ಇರುತ್ತದೆ. ಜೀನ್ಸ್ ಓಣಿಗಳಿಗೆ ಇದಕ್ಕಿಂತ ಸುಲಭದ ದಾಖಲೆ ಇದೆ. ಹೊಲಿಗೆ ಮಷೀನಿನ ಮೋಟಾರು ಸುಳ್ಳು ಹೇಳುವುದಿಲ್ಲ, ತಿಂಗಳಿಗೊಮ್ಮೆ ವಿದ್ಯುತ್ ಕಂಪನಿ ಜೆಸ್ಕಾಂನ ಮೀಟರ್ ರೀಡರ್ ಬಂದು ಬರೆದುಕೊಂಡು ಹೋಗುತ್ತಾನೆ. ಹೋದ ತಿಂಗಳು ಯಾವ ಓಣಿ ಖಾಲಿ ಇತ್ತು ಎಂದು ಜಿಲ್ಲಾಡಳಿತ ಯಾವತ್ತಾದರೂ ಅವನನ್ನು ಕೇಳಿದೆಯೇ?